ಗೆಲ್ಲೋರನ್ನ ಕಂಡ್ರೆ ಯಾಕಿಷ್ಟು ಉರಿ?

ಒಂದು ಮಾತು ಮೊದಲೇ ಹೇಳಿಬಿಡ್ತೀನಿ ವೀಕ್ಷಕರೇ, ಆಮೇಲೆ ಬೈಯೋದಿದ್ರೆ ಬೈಯಿರಿ. ನಾನು ಬಯರ್ನ್ ಮ್ಯೂನಿಕ್ ಅಭಿಮಾನಿ.

ಹೌದು, ಅದೇ ಬಯರ್ನ್. 2013ರಿಂದ 2023ರವರೆಗೆ ಸತತ 11 ವರ್ಷ ಜರ್ಮನಿಯ ಬುಂಡೆಸ್‌ಲಿಗಾ ಪ್ರಶಸ್ತಿಯನ್ನು ಬೇರೆ ಯಾರ ಕೈಗೂ ಕೊಡದ ತಂಡ. ಎದುರಾಳಿ ತಂಡದಲ್ಲಿ ಒಬ್ಬ ಒಳ್ಳೆ ಆಟಗಾರ ಕಂಡ್ರೆ ಸಾಕು, ಮುಂದಿನ ವರ್ಷ ಅವನನ್ನೇ ಕರೆದುಕೊಂಡು ಬರುವ ತಂಡ. ಜರ್ಮನಿಯಲ್ಲಿ ಇವರನ್ನು ಪ್ರೀತಿಸೋರು ಲಕ್ಷಗಟ್ಟಲೆ ಇದ್ದಾರೆ, ಕಂಡರಾಗದವರೂ ಅಷ್ಟೇ ಇದ್ದಾರೆ. ಡ್ಯೂಸೆಲ್‌ಡಾರ್ಫ್‌ನ ಡೀ ಟೋಟನ್ ಹೋಸನ್ ಅನ್ನೋ ಪಂಕ್ ಬ್ಯಾಂಡ್ ಇದೆಯಲ್ಲ, ಅವರು 'ಬಯರ್ನ್' ಅಂತಲೇ ಹೆಸರಿಟ್ಟು ಒಂದು ಹಾಡು ಮಾಡಿದ್ದಾರೆ. ಹೊಗಳೋದಕ್ಕಲ್ಲ, ಈ ಕ್ಲಬ್ಬಿಗೆ ಮಾತ್ರ ನಾವು ಹೋಗೋದಿಲ್ಲಪ್ಪ ಅಂತ ಹೇಳೋದಕ್ಕೆ! ಒಂದು ಫುಟ್ಬಾಲ್ ತಂಡದ ಮೇಲಿನ ಸಿಟ್ಟಿಗೆ ಹಾಡು ಕಟ್ಟಿ, ಅದು ಹಿಟ್ ಕೂಡ ಆಗುತ್ತೆ ಅಂದ್ರೆ ಲೆಕ್ಕ ಹಾಕಿ.

ನಮ್ಮ ಕ್ರೀಡಾ ವಿಭಾಗದ ಹುಡುಗನೊಬ್ಬ ಇತ್ತೀಚೆಗೆ ಕೇಳಿದ. "ಅಲ್ಲ ಸರ್, ದಿನಾ ಸ್ಟುಡಿಯೋದಲ್ಲಿ ಕೂತು ದೊಡ್ಡವರನ್ನ ಪ್ರಶ್ನೆ ಮಾಡ್ತೀರಿ. ಫುಟ್ಬಾಲ್ ವಿಷಯ ಬಂದ್ರೆ ಎಲ್ಲರಿಗಿಂತ ದೊಡ್ಡವರ ಪರ ನಿಲ್ತೀರಲ್ಲ?" ಪ್ರಶ್ನೆ ಚೆನ್ನಾಗಿದೆ. ಅದಕ್ಕೆ ಟೀ ಬ್ರೇಕ್‌ನಲ್ಲಿ ಉತ್ತರ ಕೊಡೋಕಾಗಲ್ಲ, 1900ನೇ ಇಸವಿಯಿಂದ ಶುರು ಮಾಡಬೇಕಾಗುತ್ತೆ.

1900ರ ಫೆಬ್ರವರಿ 27. ಮ್ಯೂನಿಕ್ ನಗರದಲ್ಲಿ ಒಂದು ಜಿಮ್ನಾಸ್ಟಿಕ್ಸ್ ಸಂಘ. ಅಲ್ಲಿ ಫುಟ್ಬಾಲ್ ಆಡೋ ಹುಡುಗರಿಗೆ ಬೆಲೆ ಇರಲಿಲ್ಲ. 11 ಜನ ಸಭೆಯಿಂದ ಎದ್ದು ಹೊರಟು, ಶ್ವಾಬಿಂಗ್ ಬಡಾವಣೆಯ ಗಿಜೆಲಾ ಅನ್ನೋ ಹೋಟೆಲ್ಲಿನಲ್ಲಿ ಕೂತು ಹೊಸ ಕ್ಲಬ್ ಕಟ್ಟಿದರು. ಶ್ವಾಬಿಂಗ್ ಅಂದ್ರೆ ಆಗಿನ ಕಾಲಕ್ಕೆ ಚಿತ್ರಕಾರರು, ಬರಹಗಾರರು, ವಿದ್ಯಾರ್ಥಿಗಳು ಸೇರುತ್ತಿದ್ದ ಜಾಗ. ಹೊರಗಿನಿಂದ ಬಂದವರನ್ನು, ಯಹೂದಿಗಳನ್ನು ಈ ಕ್ಲಬ್ ಸಲೀಸಾಗಿ ಒಳಗೆ ಸೇರಿಸಿಕೊಂಡಿತು. ಈ ಒಂದು ಸಂಗತಿಯನ್ನ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

1901ರಲ್ಲಿ ಕ್ಲಬ್ ಸೇರಿದ ಹುಡುಗರಲ್ಲಿ ಒಬ್ಬ ಕುರ್ಟ್ ಲಾಂಡಾವರ್. ವ್ಯಾಪಾರಿ ಕುಟುಂಬದ ಯಹೂದಿ ಹುಡುಗ. ಆಟಗಾರನಾಗಿ ದೊಡ್ಡ ಹೆಸರೇನೂ ಮಾಡಲಿಲ್ಲ. ಆದ್ರೆ 1913ರಲ್ಲಿ ಅದೇ ಕ್ಲಬ್ಬಿನ ಅಧ್ಯಕ್ಷರಾದರು. ಮೊದಲ ಮಹಾಯುದ್ಧ ಬಂತು, ಜರ್ಮನಿಯ ಪರವಾಗಿ ಯುದ್ಧಕ್ಕೆ ಹೋಗಿ ಬಂದರು. ಮತ್ತೆ ಅಧ್ಯಕ್ಷರಾದರು. ಸ್ವಂತ ಸ್ಟೇಡಿಯಂ ಕಟ್ಟಿ ದುಡ್ಡು ಸುರಿಯೋ ಬದಲು ಹುಡುಗರ ತರಬೇತಿಗೆ, ಒಳ್ಳೆ ಕೋಚ್‌ಗಳಿಗೆ, ವಿದೇಶಿ ತಂಡಗಳ ಜೊತೆ ಪಂದ್ಯಗಳಿಗೆ ಖರ್ಚು ಮಾಡಿದರು. ಫಲ ಬಂದದ್ದು 1932ರ ಜೂನ್ 12ಕ್ಕೆ. ನ್ಯೂರೆಂಬರ್ಗ್‌ನಲ್ಲಿ ನಡೆದ ಫೈನಲ್‌ನಲ್ಲಿ ಐನ್‌ಟ್ರಾಕ್ಟ್ ಫ್ರಾಂಕ್‌ಫರ್ಟ್ ವಿರುದ್ಧ 2-0. ಬಯರ್ನ್ ಮೊದಲ ಬಾರಿ ಜರ್ಮನಿಯ ಚಾಂಪಿಯನ್. ಅಧ್ಯಕ್ಷ ಯಹೂದಿ. ಕೋಚ್ ರಿಚರ್ಡ್ ಡೊಂಬಿ, ಅವರೂ ಯಹೂದಿ.

ಏಳೇ ತಿಂಗಳು ವೀಕ್ಷಕರೇ. ಏಳೇ ತಿಂಗಳಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ.

1933ರ ಮಾರ್ಚ್ 22ಕ್ಕೆ ಲಾಂಡಾವರ್ ಅಧ್ಯಕ್ಷ ಸ್ಥಾನ ಬಿಟ್ಟರು. ಪತ್ರಿಕೆಯೊಂದರಲ್ಲಿ ಜಾಹೀರಾತು ವಿಭಾಗ ನೋಡಿಕೊಳ್ಳುತ್ತಿದ್ದ ಕೆಲಸವೂ ಹೋಯಿತು. ಡೊಂಬಿ ದೇಶ ಬಿಟ್ಟರು. ಚಾಂಪಿಯನ್ ತಂಡ ನೋಡನೋಡುತ್ತಲೇ ಕರಗಿಹೋಯಿತು. ಬಯರ್ನ್‌ಗೆ ಆಗ ಅಂಟಿದ ಹೆಸರು 'ಯಹೂದಿಗಳ ಕ್ಲಬ್'. ಅದೇ ಊರಿನ ಇನ್ನೊಂದು ತಂಡ, 1860 ಮ್ಯೂನಿಕ್, ಆಡಳಿತಕ್ಕೆ ಹತ್ತಿರವಾಗಿತ್ತು. 1938ರ ನವೆಂಬರ್‌ನಲ್ಲಿ ಜರ್ಮನಿಯಾದ್ಯಂತ ಯಹೂದಿಗಳ ಅಂಗಡಿ, ಪ್ರಾರ್ಥನಾ ಮಂದಿರಗಳಿಗೆ ಬೆಂಕಿ ಬಿತ್ತಲ್ಲ, ಅದರ ಮರುದಿನ ಲಾಂಡಾವರ್ ಅವರನ್ನ ಹಿಡಿದು ಡಾಕೌ ಶಿಬಿರಕ್ಕೆ ಹಾಕಿದರು. 33 ದಿನ. ಮೊದಲ ಮಹಾಯುದ್ಧದಲ್ಲಿ ಹೋರಾಡಿದ ಸೈನಿಕ ಅನ್ನೋ ಕಾರಣಕ್ಕೆ ಬಿಟ್ಟರು. ಮಾರನೇ ವರ್ಷ ಸ್ವಿಟ್ಜರ್ಲೆಂಡಿನ ಜಿನೀವಾಕ್ಕೆ ಹೋದರು, ಬದುಕಿಕೊಂಡರು. ಒಡಹುಟ್ಟಿದವರಲ್ಲಿ ನಾಲ್ವರನ್ನು ನಾಜಿಗಳು ಕೊಂದರು. ಕ್ಲಬ್ಬಿನ ಹುಡುಗರ ವಿಭಾಗ ನೋಡಿಕೊಳ್ಳುತ್ತಿದ್ದ ಓಟೋ ಬೇರ್ ಅವರೂ ಉಳಿಯಲಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಅಭಿಮಾನಿ ಅಂತ ಹೇಳಿ ನಾನು ಬಯರ್ನ್ ಕ್ಲಬ್ಬನ್ನ ನಾಜಿಗಳ ವಿರುದ್ಧ ಎದೆಯೊಡ್ಡಿ ನಿಂತ ವೀರರ ಗುಂಪು ಅಂತ ಚಿತ್ರಿಸಿದ್ರೆ ಸುಳ್ಳಾಗುತ್ತೆ. ಕೊನೆಗೆ ಆ ಕ್ಲಬ್ಬೂ ಯಹೂದಿ ಸದಸ್ಯರನ್ನು ಹೊರಗಿಡುವ ನಿಯಮವನ್ನು ಒಪ್ಪಿಕೊಂಡಿತು, ಅಲ್ಲೂ ನಾಜಿ ಪಕ್ಷದವರು ಇದ್ದರು. ಸ್ವಲ್ಪ ನಿಧಾನವಾಗಿ ಬಾಗಿದರು ಅನ್ನಬಹುದೇನೋ. ಬಾಗಲಿಲ್ಲ ಅನ್ನೋಕಾಗಲ್ಲ.

ಆದ್ರೆ ನನ್ನನ್ನ ಹಿಡಿದು ನಿಲ್ಲಿಸೋದು ಆಮೇಲೆ ನಡೆದದ್ದು. 1947ರಲ್ಲಿ ಲಾಂಡಾವರ್ ವಾಪಸ್ ಬಂದರು. ಯೋಚನೆ ಮಾಡಿ. ತನ್ನ ಕೆಲಸ ಕಿತ್ತುಕೊಂಡ ಊರು, ತನ್ನ ಅಣ್ಣತಮ್ಮಂದಿರನ್ನು ಸಾಯಿಸಿದ ದೇಶ, ಬಾಂಬ್ ಬಿದ್ದು ಅರ್ಧ ಹಾಳಾದ ನಗರ. ಅಲ್ಲಿಗೆ ವಾಪಸ್ ಬಂದು ಏನು ಮಾಡಿದರು? ಮತ್ತೆ ಫುಟ್ಬಾಲ್ ಕ್ಲಬ್ಬಿನ ಅಧ್ಯಕ್ಷರಾದರು! 1951ರವರೆಗೆ ಕ್ಲಬ್ ಕಟ್ಟಿದರು. ಇವತ್ತು ಬಯರ್ನ್ ಅಭ್ಯಾಸ ಮಾಡುವ ಸೇಬನರ್ ಸ್ಟ್ರಾಸೆ ಅನ್ನೋ ಜಾಗ ಇದೆಯಲ್ಲ, ಅದು ಕ್ಲಬ್ಬಿಗೆ ಸಿಕ್ಕಿದ್ದು ಅವರ ಕಾಲದಲ್ಲೇ. 1961ರಲ್ಲಿ ತೀರಿಕೊಂಡರು. ಮರೆತೂ ಹೋದರು.

ಯಾರು ನೆನಪಿಸಿದ್ದು ಗೊತ್ತಾ? ಕ್ಲಬ್ಬಿನ ಮ್ಯಾನೇಜ್‌ಮೆಂಟ್ ಅಲ್ಲ. ಕಪ್ಪುಗಳನ್ನು ಎಣಿಸೋದರಲ್ಲಿ ಅವರು ದಶಕಗಟ್ಟಲೆ ಬ್ಯುಸಿಯಾಗಿದ್ದರು. ನೆನಪಿಸಿದ್ದು ಗೋಲ್‌ಪೋಸ್ಟ್ ಹಿಂದಿನ ಸ್ಟ್ಯಾಂಡಿನಲ್ಲಿ ನಿಂತು ಡ್ರಮ್ ಬಾರಿಸೋ ಹುಡುಗರು. 'ಶಿಕೇರಿಯಾ' ಅನ್ನೋ ಅಭಿಮಾನಿಗಳ ಗುಂಪು. ಪೊಲೀಸರಿಗೂ ಇವರಿಗೂ ಆಗಾಗ ಜಟಾಪಟಿ, ಕ್ಲಬ್ಬಿಗೂ ಇವರಂದ್ರೆ ತಲೆನೋವು. ಆ ಹುಡುಗರು ಹಳೇ ಕಾಗದ ಪತ್ರ ಹುಡುಕಿದರು, ಲಾಂಡಾವರ್ ಹೆಸರಿನಲ್ಲಿ ವರ್ಷಾವರ್ಷ ಫುಟ್ಬಾಲ್ ಟೂರ್ನಿ ಶುರು ಮಾಡಿದರು, ಇಡೀ ಸ್ಟ್ಯಾಂಡ್ ತುಂಬಾ ಅವರ ಮುಖ ಬರೋ ಹಾಗೆ ಬ್ಯಾನರ್ ಎತ್ತಿ ಹಿಡಿದರು. 2013ರಲ್ಲಿ ಕ್ಲಬ್ ಅವರನ್ನು ಗೌರವ ಅಧ್ಯಕ್ಷ ಅಂತ ಘೋಷಿಸಿತು, ಸತ್ತು 52 ವರ್ಷ ಆದಮೇಲೆ. ಈಗ ಸ್ಟೇಡಿಯಂ ಮುಂದಿನ ಚೌಕಕ್ಕೆ ಅವರದೇ ಹೆಸರು, ಸೇಬನರ್ ಸ್ಟ್ರಾಸೆಯಲ್ಲಿ ಅವರ ಪ್ರತಿಮೆ. 2014ರಲ್ಲಿ ಆ ಹುಡುಗರಿಗೆ ಜರ್ಮನ್ ಫುಟ್ಬಾಲ್ ಸಂಸ್ಥೆಯೇ ಪ್ರಶಸ್ತಿ ಕೊಟ್ಟಿತು. ಇತಿಹಾಸ ಬರೆಯೋಕೆ ಪ್ರೊಫೆಸರೇ ಬೇಕು ಅಂತೇನಿಲ್ಲ ಬಿಡಿ.

ಈಗ ಹೇಳಿ, ದುಡ್ಡಿನ ಸೊಕ್ಕಿನ ಕ್ಲಬ್ ಅಂತೀರಲ್ಲ, 1932ರ ನಂತರ ಮುಂದಿನ ಜರ್ಮನ್ ಚಾಂಪಿಯನ್ ಪಟ್ಟಕ್ಕೆ ಇವರು ಕಾದದ್ದು ಎಷ್ಟು ವರ್ಷ? 37! 1963ರಲ್ಲಿ ಬುಂಡೆಸ್‌ಲಿಗಾ ಶುರುವಾದಾಗ ಬಯರ್ನ್‌ಗೆ ಜಾಗವೇ ಸಿಗಲಿಲ್ಲ. 16 ತಂಡ, ಒಂದು ಊರಿಂದ ಎರಡು ತಂಡ ಬೇಡ ಅಂದರು. ಮ್ಯೂನಿಕ್‌ನಿಂದ 1860 ಹೋಯಿತು, ಅದು ಆಗ ಊರಿನ ದೊಡ್ಡ ತಂಡ. ಬಯರ್ನ್ ಕೆಳಗಿನ ದರ್ಜೆಯಲ್ಲಿ ಎರಡು ವರ್ಷ ಆಡಿ 1965ಕ್ಕೆ ಮೇಲೆ ಬಂತು. ಕೈಯಲ್ಲಿ ಕಾಸಿಲ್ಲದ ಕಾರಣಕ್ಕೆ ಊರ ಹುಡುಗರನ್ನೇ ಬೆಳೆಸಬೇಕಾಯ್ತು. ಆ ಊರ ಹುಡುಗರು ಯಾರು? ಗೋಲ್‌ಕೀಪರ್ ಸೆಪ್ ಮೇಯರ್. ಮುಂದಾಳು ಗೆರ್ಡ್ ಮುಲ್ಲರ್. ಮತ್ತೆ ಫ್ರಾಂಝ್ ಬೆಕನ್‌ಬಾವರ್.

ಬೆಕನ್‌ಬಾವರ್ ಕಥೆ ಹೇಳದೆ ಮುಂದೆ ಹೋಗೋಕಾಗಲ್ಲ. ಹುಡುಗನಾಗಿದ್ದಾಗ ಆತ 1860 ಅಭಿಮಾನಿ, ಅಲ್ಲಿಗೇ ಸೇರೋದು ಅಂತ ತೀರ್ಮಾನ ಕೂಡ ಆಗಿತ್ತು. ಬಾಲಕರ ಟೂರ್ನಿಯೊಂದರಲ್ಲಿ 1860 ವಿರುದ್ಧ ಆಡುವಾಗ ಜಗಳವಾಗಿ, ಆ ತಂಡದ ಒಬ್ಬ ಹುಡುಗ ಇವನ ಕೆನ್ನೆಗೆ ಬಾರಿಸಿದ. ಅಷ್ಟೇ. ನಿಮ್ಮ ಸಹವಾಸ ಬೇಡ ಅಂತ ಬಯರ್ನ್‌ಗೆ ಹೋದ. ಒಂದು ಕಪಾಳಮೋಕ್ಷ, ಎರಡು ಕ್ಲಬ್ಬುಗಳ ಹಣೆಬರಹ! 1860 ಇವತ್ತು ಮೂರನೇ ದರ್ಜೆಯಲ್ಲಿ ಒದ್ದಾಡುತ್ತಿದೆ. ಬೆಕನ್‌ಬಾವರ್ ನಾಯಕನಾಗಿ ಒಂದು ವಿಶ್ವಕಪ್, ಕೋಚ್ ಆಗಿ ಇನ್ನೊಂದು ವಿಶ್ವಕಪ್ ಗೆದ್ದು 2024ರ ಜನವರಿಯಲ್ಲಿ ತೀರಿಕೊಂಡರು. ಮುಲ್ಲರ್ ಬುಂಡೆಸ್‌ಲಿಗಾದಲ್ಲಿ ಹೊಡೆದ ಗೋಲು 365. ವರ್ಷಕ್ಕೆಷ್ಟು ದಿನವೋ ಅಷ್ಟು. ಆ ದಾಖಲೆ ಈಗಲೂ ಹಾಗೇ ಇದೆ.

ಇನ್ನು 'ಅದೃಷ್ಟದ ಬಯರ್ನ್' ಅನ್ನೋ ಆರೋಪ. ಜರ್ಮನ್ನರು ಇದಕ್ಕೊಂದು ಪದವನ್ನೇ ಮಾಡಿಟ್ಟುಕೊಂಡಿದ್ದಾರೆ, 'ಬಯರ್ನ್-ಡೂಸೆಲ್' ಅಂತ. ಸುಮ್ಮನೆ ಹುಟ್ಟಿದ ಮಾತಲ್ಲ. 1974ರ ಮೇ ತಿಂಗಳು, ಬ್ರಸೆಲ್ಸ್‌ನಲ್ಲಿ ಯುರೋಪಿಯನ್ ಕಪ್ ಫೈನಲ್, ಎದುರಾಳಿ ಅಟ್ಲೆಟಿಕೊ ಮ್ಯಾಡ್ರಿಡ್. ಹೆಚ್ಚುವರಿ ಸಮಯದಲ್ಲಿ ಅಟ್ಲೆಟಿಕೊ 1-0 ಮುಂದಿದೆ, ಇನ್ನೇನು ವಿಸಲ್ ಊದಬೇಕು. ಗೋಲು ಹೊಡೆಯೋದು ತನ್ನ ಕೆಲಸವೇ ಅಲ್ಲ ಅಂದುಕೊಂಡಿದ್ದ ರಕ್ಷಣಾ ಆಟಗಾರ ಶ್ವಾರ್ಟ್ಸನ್‌ಬೆಕ್ ದೂರದಿಂದ ಒದ್ದ ಚೆಂಡು ಒಳಗೆ! ಎರಡು ದಿನ ಬಿಟ್ಟು ಮರುಪಂದ್ಯ, ಬಯರ್ನ್ 4-0. 1975ರಲ್ಲಿ ಪ್ಯಾರಿಸ್‌ನಲ್ಲಿ ಲೀಡ್ಸ್ ಯುನೈಟೆಡ್ ಹಾಕಿದ ಗೋಲನ್ನು ರೆಫರಿ ರದ್ದು ಮಾಡಿದರು, ಬಯರ್ನ್ 2-0. ಲೀಡ್ಸ್ ಜನ ಇವತ್ತಿಗೂ ಆ ರೆಫರಿಯನ್ನ ಕ್ಷಮಿಸಿಲ್ಲ.

1976ರದ್ದು ನನ್ನಂಥ ಇಂಜಿನಿಯರಿಂಗ್ ಓದಿದವರಿಗೆ ಬಲು ಇಷ್ಟದ ಕಥೆ. ಗ್ಲಾಸ್ಗೋದ ಹ್ಯಾಂಪ್ಡನ್ ಪಾರ್ಕ್, ಎದುರಾಳಿ ಫ್ರಾನ್ಸಿನ ಸೇಂಟ್ ಎಟಿಯೆನ್. ಅವರ ಹೊಡೆತ ಒಂದಲ್ಲ, ಎರಡು ಸಲ ಗೋಲಿನ ಮೇಲಿನ ಅಡ್ಡಪಟ್ಟಿಗೆ ಬಡಿದು ವಾಪಸ್ ಬಂತು. ಬಯರ್ನ್ 1-0 ಗೆದ್ದಿತು. ಹ್ಯಾಂಪ್ಡನ್ ಪಾರ್ಕಿನಲ್ಲಿ ಆಗ ಗೋಲ್‌ಪೋಸ್ಟ್‌ಗಳು ದುಂಡಗಿರಲಿಲ್ಲ, ಚೌಕ. ದುಂಡಗಿನ ಪಟ್ಟಿಯಾಗಿದ್ರೆ ಕೆಳಭಾಗಕ್ಕೆ ತಗುಲಿದ ಚೆಂಡು ಒಳಕ್ಕೆ ಜಾರುತ್ತಿತ್ತು, ಚಪ್ಪಟೆ ಮುಖಕ್ಕೆ ಬಡಿದಿದ್ದರಿಂದ ನೇರ ವಾಪಸ್ ಬಂತು ಅನ್ನೋದು ಫ್ರೆಂಚರ ವಾದ. ಚೆಂಡು ಯಾವ ಕೋನದಲ್ಲಿ, ಎಷ್ಟು ಎತ್ತರದಲ್ಲಿ, ಎಷ್ಟು ತಿರುಗುತ್ತಾ ಬಂದು ತಗುಲಿತು ಅಂತ ಗೊತ್ತಿಲ್ಲದೆ ಈ ಲೆಕ್ಕ ಬಿಡಿಸೋಕಾಗಲ್ಲ. ದುಂಡು ಪಟ್ಟಿಯಾಗಿದ್ರೆ ಮೇಲಕ್ಕೆ ಹಾರಿ ಗ್ಯಾಲರಿಗೆ ಹೋಗೋ ಸಾಧ್ಯತೆಯೂ ಅಷ್ಟೇ ಇತ್ತಲ್ವಾ? ಆದ್ರೆ ಸೋತವರ ಮುಂದೆ ಫಿಸಿಕ್ಸ್ ಹೇಳಬಾರದು. ಸೇಂಟ್ ಎಟಿಯೆನ್ ಕ್ಲಬ್ 2013ರಲ್ಲಿ ಆ ಗೋಲ್‌ಪೋಸ್ಟನ್ನೇ ದುಡ್ಡು ಕೊಟ್ಟು ಕೊಂಡು ತಂದು ತಮ್ಮ ಮ್ಯೂಸಿಯಂನಲ್ಲಿ ಇಟ್ಟಿತು. ನೋವನ್ನ ಇಷ್ಟು ಜೋಪಾನವಾಗಿ ಇಟ್ಟುಕೊಂಡವರನ್ನ ನಾನಂತೂ ಬೇರೆ ನೋಡಿಲ್ಲ.

ಸತತ ಮೂರು ಯುರೋಪಿಯನ್ ಕಪ್. ಸರಿ, ಅದೃಷ್ಟ ಒಂದು ಸಲ ಬರುತ್ತೆ, ಎರಡು ಸಲ ಬರುತ್ತೆ. ಐವತ್ತು ವರ್ಷ ಬರುತ್ತಾ? ಅಲ್ಲಿಗೆ ನಾವು ಉಲಿ ಹೋನೆಸ್ ಹತ್ತಿರ ಬರಬೇಕು.

ಉಲ್ಮ್ ಪಟ್ಟಣದ ಮಾಂಸದಂಗಡಿಯವರ ಮಗ. ಆ 1974ರ ಮರುಪಂದ್ಯದಲ್ಲಿ ಎರಡು ಗೋಲು ಹೊಡೆದವರು. ಮೊಣಕಾಲು ಕೈಕೊಟ್ಟು 27ನೇ ವಯಸ್ಸಿಗೇ ಆಟ ನಿಂತಿತು. 1979ರಲ್ಲಿ ಸಾಲದಲ್ಲಿದ್ದ ಕ್ಲಬ್ಬಿಗೆ ಮ್ಯಾನೇಜರ್ ಆದರು. ಆಗ ಕ್ಲಬ್ಬುಗಳ ಆದಾಯ ಅಂದ್ರೆ ಗೇಟಿನಲ್ಲಿ ಹರಿದ ಟಿಕೆಟ್ಟು, ಮಳೆ ಬಂದ್ರೆ ಆದಾಯ ಇಲ್ಲ. ಹೋನೆಸ್ ಅಮೆರಿಕದ ಕ್ಲಬ್ಬುಗಳನ್ನು ನೋಡಿಬಂದು ಟೀ ಶರ್ಟು, ಸ್ಕಾರ್ಫು, ಪ್ರಾಯೋಜಕರು, ಟಿವಿ ಹಕ್ಕು ಅಂತ ಶುರು ಮಾಡಿದರು. 1982ರ ಫೆಬ್ರವರಿಯಲ್ಲಿ ಹ್ಯಾನೋವರ್ ಹತ್ತಿರ ಅವರಿದ್ದ ಸಣ್ಣ ವಿಮಾನ ಬಿತ್ತು. ನಾಲ್ವರಲ್ಲಿ ಬದುಕಿದ್ದು ಅವರೊಬ್ಬರೇ. 1984ರಲ್ಲಿ ತಂಡದ ದೊಡ್ಡ ತಾರೆ ರುಮೆನಿಗ್ಗೆಯನ್ನ ಇಟಲಿಯ ಇಂಟರ್ ಮಿಲಾನ್‌ಗೆ ಮಾರಿ ಸಾಲ ತೀರಿಸಿದರು. ಅಭಿಮಾನಿಗಳಿಗೆ ಹೊಟ್ಟೆ ಉರಿದಿರಬೇಕು, ಆದ್ರೆ ಅಲ್ಲಿಂದ ಮುಂದೆ ಸಾಲ ಮಾಡಿ ಆಟಗಾರನನ್ನ ಕೊಳ್ಳೋ ಚಟ ಈ ಕ್ಲಬ್ಬಿಗೆ ಬರಲಿಲ್ಲ.

ಇವತ್ತು ಕ್ಲಬ್ಬಿನ ಕಂಪನಿಯಲ್ಲಿ 75 ಪರ್ಸೆಂಟ್ ಪಾಲು ಸದಸ್ಯರದ್ದು. ಉಳಿದದ್ದು ಅಡಿಡಾಸ್, ಆಡಿ, ಅಲಿಯಾನ್ಸ್ ಮೂವರಿಗೂ ಸಮ. ತೈಲದ ದೊರೆ ಇಲ್ಲ, ರಷ್ಯಾದ ಕುಬೇರ ಇಲ್ಲ, ಬೆಳಗೆದ್ದು ಮೂಡು ಕೆಟ್ಟರೆ ಕ್ಲಬ್ ಮಾರಿ ಹೋಗೋ ಅಮೆರಿಕನ್ ಫಂಡ್ ಇಲ್ಲ. ನಿಂತು ನೋಡೋ ಜಾಗದ ಸೀಸನ್ ಟಿಕೆಟ್ ಹಲವು ವರ್ಷ 150 ಯೂರೋ ಆಸುಪಾಸಿನಲ್ಲೇ ಇತ್ತು. ಇಡೀ ಸೀಸನ್‌ಗೆ! ಲಂಡನ್ನಿನಲ್ಲಿ ಆ ದುಡ್ಡಿಗೆ ಎರಡು ಪಂದ್ಯ ನೋಡಿದ್ರೆ ಹೆಚ್ಚು.

ಸರಿ, ಹಾಗಾದ್ರೆ ಎದುರಾಳಿಗಳ ದೂರಿನಲ್ಲಿ ಹುರುಳಿಲ್ವಾ? ಇದೆ. ಖಂಡಿತ ಇದೆ. ಎಲೆಕ್ಟ್ರಾನಿಕ್ಸ್‌ನಲ್ಲಿ ಪಾಸಿಟಿವ್ ಫೀಡ್‌ಬ್ಯಾಕ್ ಅಂತೀವಿ. ಮೈಕನ್ನ ಸ್ಪೀಕರ್ ಎದುರು ಹಿಡಿದ್ರೆ ಕುಯ್ಯಂತ ಕಿರುಚುತ್ತಲ್ಲ, ಅದು. ಹೊರಗೆ ಬಂದದ್ದೇ ಮತ್ತೆ ಒಳಗೆ ಹೋಗಿ ಇನ್ನೂ ಜೋರಾಗಿ ಹೊರಗೆ ಬರುತ್ತೆ. ಲೀಗ್ ಗೆದ್ರೆ ಚಾಂಪಿಯನ್ಸ್ ಲೀಗ್ ದುಡ್ಡು, ಆ ದುಡ್ಡಿಗೆ ಒಳ್ಳೆ ಆಟಗಾರರು, ಅವರಿಂದ ಮತ್ತೆ ಲೀಗ್. 2013ರ ಏಪ್ರಿಲ್‌ನಲ್ಲಿ ಡಾರ್ಟ್‌ಮಂಡ್ ತಂಡ ರಿಯಲ್ ಮ್ಯಾಡ್ರಿಡ್ ಎದುರು ಸೆಮಿಫೈನಲ್ ಆಡೋ ಹಿಂದಿನ ದಿನ ಸುದ್ದಿ ಹೊರಬಿತ್ತು, ಅವರ ಮನೆಮಗ ಮಾರಿಯೋ ಗೊಟ್ಜೆ 3 ಕೋಟಿ 70 ಲಕ್ಷ ಯೂರೋಗೆ ಬಯರ್ನ್‌ಗೆ ಹೊರಟಿದ್ದಾನೆ ಅಂತ. ಮುಂದಿನ ವರ್ಷ ಲೆವಂಡೋಸ್ಕಿ, ಅದೂ ಬಿಡಿಗಾಸು ಕೊಡದೆ. ಡಾರ್ಟ್‌ಮಂಡ್‌ನವರು ಶಾಪ ಹಾಕಿದ್ರೆ ತಪ್ಪಲ್ಲ. ಟಿವಿ ಹಕ್ಕಿನ ವಿಷಯದಲ್ಲಿ ಕಿರ್ಚ್ ಕಂಪನಿ ಜೊತೆ ಬೇರೆ ಕ್ಲಬ್ಬುಗಳಿಗೆ ತಿಳಿಯದ ಹಾಗೆ ಮಾಡಿಕೊಂಡಿದ್ದ ಗುಟ್ಟಿನ ಒಪ್ಪಂದ 2003ರಲ್ಲಿ ಬಯಲಾಯ್ತು. ಅದನ್ನ ಸಮರ್ಥಿಸೋಕೆ ನನ್ನ ಹತ್ರ ಮಾತಿಲ್ಲ.

ನಾವು ಕನ್ನಡಿಗರಿಗೆ ಈ ಸಂಕಟ ಹೊಸದಲ್ಲ. 1958-59ರಿಂದ ಸತತ 15 ವರ್ಷ ರಣಜಿ ಟ್ರೋಫಿಯನ್ನ ಬಾಂಬೆ ತಂಡ ಮನೆ ಸಾಮಾನಿನ ಹಾಗೆ ಇಟ್ಟುಕೊಂಡಿತ್ತು. ಅದನ್ನ ಮುರಿದದ್ದು ಯಾರು? 1974ರಲ್ಲಿ ಬೆಂಗಳೂರಿನಲ್ಲಿ ನಡೆದ ಸೆಮಿಫೈನಲ್‌ನಲ್ಲಿ ನಮ್ಮ ಕರ್ನಾಟಕ. ವಿಶ್ವನಾಥ್, ಬ್ರಿಜೇಶ್ ಪಟೇಲ್ ಶತಕ, ಪ್ರಸನ್ನ ಎಸೆತಕ್ಕೆ ಗವಾಸ್ಕರ್ ಬೌಲ್ಡ್. ಹಿರಿಯರು ಈಗಲೂ ಆ ಎಸೆತದ ಬಗ್ಗೆ ಹೇಳುವಾಗ ಕೈ ತಿರುಗಿಸಿ ತೋರಿಸ್ತಾರೆ. ಎದುರಿಗೆ ಅಂಥಾ ಬಾಂಬೆ ಇಲ್ಲದೇ ಹೋಗಿದ್ರೆ ಆ ಗೆಲುವಿಗೆ ಈ ರುಚಿ ಇರುತ್ತಿತ್ತಾ ಅಂತ ನನ್ನ ಅನುಮಾನ.

ಬಯರ್ನ್ ಕಥೆಯಲ್ಲೂ ಹೀಗೇ ಒಂದಿದೆ. 2001ರಲ್ಲಿ ಬೊಕಾ ಜೂನಿಯರ್ಸನ್ನ ಸೋಲಿಸಿ ವಿಶ್ವ ಕ್ಲಬ್ ಚಾಂಪಿಯನ್ ಆದ ಬಯರ್ನ್, 2002ರ ಫೆಬ್ರವರಿಯಲ್ಲಿ ಹ್ಯಾಂಬರ್ಗಿನ ಬಡ ತಂಡ ಸೇಂಟ್ ಪೌಲಿ ಕೈಯಲ್ಲಿ 2-1ಕ್ಕೆ ಸೋತಿತು. 'ವಿಶ್ವ ಚಾಂಪಿಯನ್ನರನ್ನ ಸೋಲಿಸಿದವರು' ಅಂತ ಸೇಂಟ್ ಪೌಲಿ ಟೀ ಶರ್ಟ್ ಹೊಡೆಸಿ ಮಾರಿತು, ಜನ ಮುಗಿಬಿದ್ದು ಕೊಂಡರು. ಅದಾಗಿ ಒಂದು ವರ್ಷಕ್ಕೆ ಆ ಕ್ಲಬ್ ದಿವಾಳಿ ಅಂಚಿಗೆ ಬಂತು. 2003ರ ಜುಲೈನಲ್ಲಿ ಸಹಾಯಾರ್ಥ ಪಂದ್ಯ ಆಡೋಕೆ ಬಂದದ್ದು ಯಾರು? ಇದೇ ಬಯರ್ನ್. 'ರಕ್ಷಕ' ಅಂತ ಅಚ್ಚಾಗಿದ್ದ ಶರ್ಟು ತೊಟ್ಟು ಹೋನೆಸ್ ಮೈದಾನಕ್ಕೆ ಬಂದರು. ಡಾರ್ಟ್‌ಮಂಡ್ ಸಂಬಳ ಕೊಡೋಕೂ ಪರದಾಡುತ್ತಿದ್ದಾಗ 20 ಲಕ್ಷ ಯೂರೋ ಸಾಲ ಕೊಟ್ಟದ್ದೂ ಇವರೇ. 1860 ಕ್ಲಬ್ ಮುಳುಗುತ್ತಿದ್ದಾಗ ಸ್ಟೇಡಿಯಂನಲ್ಲಿ ಅವರಿಗಿದ್ದ ಅರ್ಧ ಪಾಲನ್ನು 2006ರಲ್ಲಿ 1 ಕೋಟಿ 10 ಲಕ್ಷ ಯೂರೋಗೆ ಕೊಂಡರು. ಕೊನೆಯದು ಸಹಾಯವೋ ವ್ಯಾಪಾರವೋ ನೀವೇ ನಿರ್ಧರಿಸಿ. ಸಾಲ ಕೊಟ್ಟ ಸಾಹುಕಾರನನ್ನ ಯಾರೂ ಪ್ರೀತಿಸಲ್ಲ ಅನ್ನೋದು ನಮ್ಮ ಹಳ್ಳಿಗಳಿಗೂ ಗೊತ್ತಿರೋ ಸತ್ಯ.

ನಾನು ಇವರ ಕಡೆ ವಾಲಿದ್ದು ಗೆಲುವು ನೋಡಿ ಅಲ್ಲ. 2012ರ ಮೇ 19. ನಮ್ಮಲ್ಲಿ ಮಧ್ಯರಾತ್ರಿ ದಾಟಿತ್ತು. ಇಂಜಿನಿಯರಿಂಗ್ ಹಾಸ್ಟೆಲ್ಲಿನ ಟಿವಿ ರೂಮು, ನಲವತ್ತು ಹುಡುಗರು, ನನ್ನೊಬ್ಬನನ್ನ ಬಿಟ್ಟು ಎಲ್ಲರೂ ಚೆಲ್ಸಿ ಕಡೆ. ಚಾಂಪಿಯನ್ಸ್ ಲೀಗ್ ಫೈನಲ್, ಅದೂ ಮ್ಯೂನಿಕ್‌ನಲ್ಲೇ, ಬಯರ್ನ್ ತವರಲ್ಲೇ. 83ನೇ ನಿಮಿಷಕ್ಕೆ ಥಾಮಸ್ ಮುಲ್ಲರ್ ಗೋಲು. ಮುಗೀತು ಅಂದುಕೊಂಡೆ. 88ಕ್ಕೆ ದ್ರೋಗ್ಬಾ ತಲೆ ಕೊಟ್ಟು ಸಮ ಮಾಡಿದರು. ಹೆಚ್ಚುವರಿ ಸಮಯದಲ್ಲಿ ಪೆನಾಲ್ಟಿ ಸಿಕ್ಕಿತು, ರಾಬೆನ್ ಹೊಡೆದದ್ದನ್ನ ಚೆಕ್ ಹಿಡಿದರು. ಕೊನೆಗೆ ಶೂಟೌಟ್, ಶ್ವೈನ್‌ಸ್ಟೈಗರ್ ಹೊಡೆತ ಕಂಬಕ್ಕೆ. ರೂಮಿನಲ್ಲಿ ಪ್ಲೇಟು ಬಡಿದು ಕುಣಿತ. "ಏನ್ ಮಗಾ, ನಿನ್ ಜರ್ಮನ್ ಮಷೀನ್ ಕೆಟ್ಟೋಯ್ತಾ?" ಅಂತ ಪಕ್ಕದ ರೂಮಿನವನು ಕೇಳಿದ. ಎರಡು ದಿನ ಬಿಟ್ಟು ನನಗೆ ಎಕ್ಸಾಮ್ ಬೇರೆ.

ಅದೇ ತಂಡಕ್ಕೆ 1999ರಲ್ಲಿ ಬಾರ್ಸಿಲೋನಾದಲ್ಲಿ ಇದಕ್ಕಿಂತ ದೊಡ್ಡ ಏಟು ಬಿದ್ದಿತ್ತು. ಆಗ ನಾನು ಶಾಲೆಯ ಹುಡುಗ, ಆ ಪಂದ್ಯ ನೋಡಿದ್ದು ಆಮೇಲೆ ರೆಕಾರ್ಡಿಂಗ್‌ನಲ್ಲಿ. 90 ನಿಮಿಷದವರೆಗೆ 1-0 ಮುಂದೆ. ಆಮೇಲಿನ ಮೂರು ನಿಮಿಷದಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಎರಡು ಗೋಲು! ಕಪ್ ಕೊಡೋಕೆ ಅಂತ ಲಿಫ್ಟಿನಲ್ಲಿ ಕೆಳಗಿಳಿದ ಯುಇಎಫ್ಎ ಅಧ್ಯಕ್ಷರು ಮೈದಾನಕ್ಕೆ ಬಂದು ನೋಡಿದ್ರೆ ಗೆದ್ದವರು ಅಳ್ತಿದ್ದಾರೆ, ಸೋತವರು ಕುಣೀತಿದ್ದಾರೆ ಅನ್ನಿಸ್ತಂತೆ. ಕುಫೂರ್ ನೆಲಕ್ಕೆ ಕೈ ಗುದ್ದಿ ಗುದ್ದಿ ಅಳುತ್ತಿದ್ದರು.

ಎರಡೇ ವರ್ಷಕ್ಕೆ, 2001ರ ಮೇ 23ರಂದು ಮಿಲಾನ್‌ನಲ್ಲಿ ಅದೇ ತಂಡ ವೆಲೆನ್ಸಿಯಾ ವಿರುದ್ಧ ಶೂಟೌಟ್ ಗೆದ್ದಿತು. ಆಲಿವರ್ ಕಾನ್ ಮೂರು ಪೆನಾಲ್ಟಿ ತಡೆದರು. ಎದುರಾಳಿ ಗೋಲ್‌ಕೀಪರ್ ಕನಿಜಾರೆಸ್ ಅಳ್ತಾ ಬಿದ್ದಿದ್ದನ್ನ ನೋಡಿ ಹತ್ತಿರ ಹೋಗಿ ಸಮಾಧಾನ ಮಾಡಿದರು. 2012ರ ಏಟಿಗೂ ಉತ್ತರ ಒಂದೇ ವರ್ಷದಲ್ಲಿ ಬಂತು. 2013ರಲ್ಲಿ ವೆಂಬ್ಲಿಯಲ್ಲಿ ಡಾರ್ಟ್‌ಮಂಡ್ ವಿರುದ್ಧ 89ನೇ ನಿಮಿಷದಲ್ಲಿ ಗೆಲುವಿನ ಗೋಲು ಹೊಡೆದದ್ದು ಅದೇ ಪೆನಾಲ್ಟಿ ತಪ್ಪಿಸಿದ್ದ ರಾಬೆನ್. ಇವರ 8-2 ಬಾರ್ಸಿಲೋನಾ, ಇವರ ಹನ್ನೊಂದು ಲೀಗ್, ಅದೆಲ್ಲ ಸ್ಕೋರ್‌ಬೋರ್ಡಿನ ಲೆಕ್ಕ. ಇಷ್ಟು ಕೆಟ್ಟದಾಗಿ ಬಿದ್ದವರು ಕಾರಣ ಹುಡುಕುತ್ತಾ ಕೂರದೆ ಮಾರನೇ ವರ್ಷ ಅದೇ ಬಾಗಿಲು ತಟ್ಟಿದರಲ್ಲ, ನಾನು ಮೆಚ್ಚಿದ್ದು ಅದನ್ನ.

ಮೆಚ್ಚುಗೆ ಅಂದ್ರೆ ಕಣ್ಣು ಕಟ್ಟಿಕೊಳ್ಳೋದಲ್ಲ. 2014ರ ಮಾರ್ಚ್‌ನಲ್ಲಿ ಇದೇ ಹೋನೆಸ್‌ಗೆ ತೆರಿಗೆ ವಂಚನೆ ಪ್ರಕರಣದಲ್ಲಿ ಮೂರೂವರೆ ವರ್ಷ ಜೈಲು ಶಿಕ್ಷೆಯಾಯ್ತು. ಮೊತ್ತ 2 ಕೋಟಿ 80 ಲಕ್ಷ ಯೂರೋಗೂ ಹೆಚ್ಚು. ಮೇಲ್ಮನವಿ ಹಾಕಲಿಲ್ಲ, ಲಾಂಡ್ಸ್‌ಬರ್ಗ್ ಜೈಲಿಗೆ ಹೋದರು. ಹೊರಗೆ ಬಂದ ಮೇಲೆ 2016ರಲ್ಲಿ ಸದಸ್ಯರು ಮತ್ತೆ ಅಧ್ಯಕ್ಷರನ್ನಾಗಿ ಆರಿಸಿದರು. ಜೈಲಿಗೆ ಹೋಗಿಬಂದವರಿಗೆ ಹಾರ ಹಾಕೋದು ನಮ್ಮಲ್ಲಿ ಮಾತ್ರ ಅಂದುಕೊಂಡಿದ್ರಾ? ಸುದ್ದಿ ಓದುವವನಾಗಿ ನನಗೆ ಆ ಚಪ್ಪಾಳೆ ಇವತ್ತಿಗೂ ಹಿಡಿಸಿಲ್ಲ. ಕತಾರ್ ಏರ್‌ವೇಸ್ ಪ್ರಾಯೋಜಕತ್ವದ ವಿಷಯದಲ್ಲಿ ಮಾತ್ರ ಸದಸ್ಯರು ಸುಮ್ಮನೆ ಕೂರಲಿಲ್ಲ. ಕತಾರ್‌ನಲ್ಲಿ ವಲಸೆ ಕಾರ್ಮಿಕರನ್ನ ನಡೆಸಿಕೊಳ್ಳೋ ರೀತಿ ಸರಿಯಿಲ್ಲ, ಅವರ ದುಡ್ಡು ನಮಗೆ ಬೇಡ ಅಂತ 2021ರ ವಾರ್ಷಿಕ ಸಭೆಯಲ್ಲಿ ವೇದಿಕೆ ಮೇಲಿದ್ದವರ ಬೆವರಿಳಿಸಿದರು. 2023ರಲ್ಲಿ ಆ ಒಪ್ಪಂದ ಮುಗಿಯಿತು. ಲಾಂಡಾವರ್ ಹೆಸರನ್ನ ಹುಡುಕಿ ತೆಗೆದ ಸ್ಟ್ಯಾಂಡಿನಿಂದಲೇ ಈ ಕೂಗಿನ ದೊಡ್ಡ ಪಾಲೂ ಎದ್ದದ್ದು.

ನಮ್ಮ ದೇಶಕ್ಕೂ ಇವರಿಗೂ ಒಂದು ನಂಟಿದೆ. 2008ರ ಮೇ 27ರಂದು ಆಲಿವರ್ ಕಾನ್ ಬಯರ್ನ್ ಅಂಗಿಯಲ್ಲಿ ವಿದಾಯದ ಪಂದ್ಯ ಆಡಿದ್ದು ಕೋಲ್ಕತ್ತಾದ ಸಾಲ್ಟ್ ಲೇಕ್ ಸ್ಟೇಡಿಯಂನಲ್ಲಿ, ಮೋಹನ್ ಬಗಾನ್ ವಿರುದ್ಧ. ಲಕ್ಷಕ್ಕೂ ಹೆಚ್ಚು ಜನ ಸೇರಿದ್ದರು. ಬಯರ್ನ್ 3-0 ಗೆದ್ದಿತು. ಆವತ್ತು ಅಲ್ಲಿ ಯಾರೂ ಅವರನ್ನ ಬೈಯಲಿಲ್ಲ.

2023ರ ಮೇ 27, ಹನ್ನೊಂದನೇ ಸಲದ್ದು. ಡಾರ್ಟ್‌ಮಂಡ್ ತವರಿನಲ್ಲಿ ಮೈಂಝ್ ತಂಡವನ್ನ ಸೋಲಿಸಿದ್ರೆ ಸಾಕಿತ್ತು, 2-2 ಡ್ರಾ ಮಾಡಿಕೊಂಡಿತು. ಅತ್ತ ಕಲೋನ್‌ನಲ್ಲಿ 89ನೇ ನಿಮಿಷಕ್ಕೆ ಮುಸಿಯಾಲಾ ಗೋಲು. ಇಬ್ಬರಿಗೂ ತಲಾ 71 ಅಂಕ, ಗೋಲುಗಳ ವ್ಯತ್ಯಾಸದ ಮೇಲೆ ಬಯರ್ನ್ ಚಾಂಪಿಯನ್. ಡಾರ್ಟ್‌ಮಂಡ್ ಹಳದಿ ಗೋಡೆಯಂಥ ಸ್ಟ್ಯಾಂಡಿನಲ್ಲಿ ಗಂಡಸರು ಮಕ್ಕಳ ಹಾಗೆ ಅಳೋದನ್ನ ನ್ಯೂಸ್‌ರೂಮಿನ ಪರದೆಯಲ್ಲಿ ನೋಡಿದೆ. ಪಕ್ಕದಲ್ಲಿದ್ದ ಕ್ರೀಡಾ ವಿಭಾಗದ ಹುಡುಗ ನನ್ನ ಮುಖವನ್ನೇ ನೋಡಿದ. ನಾನು ರಿಮೋಟ್ ಎತ್ತಿಕೊಂಡು ಚಾನೆಲ್ ಬದಲಿಸಿದೆ.

ಆಮೇಲಿನ ವರ್ಷ ಹ್ಯಾರಿ ಕೇನ್ ಬಂದರು. ಇಂಗ್ಲೆಂಡ್ ನಾಯಕ, ಗೋಲಿನ ಮಳೆ ಸುರಿಸಿದ್ದರೂ ಜೀವಮಾನದಲ್ಲಿ ಒಂದೂ ಕಪ್ ಗೆಲ್ಲದ ಮನುಷ್ಯ. ಹನ್ನೊಂದು ವರ್ಷ ಗೆದ್ದವರ ಬಳಿ ಹೋದ್ರೆ ಹನ್ನೆರಡನೇ ವರ್ಷ ಗ್ಯಾರಂಟಿ ಅಂದುಕೊಂಡಿದ್ದಿರಬೇಕು. ಆ ವರ್ಷವೇ ಲೆವರ್‌ಕುಸೆನ್ ಒಂದೂ ಲೀಗ್ ಪಂದ್ಯ ಸೋಲದೆ ಚಾಂಪಿಯನ್ ಆಗಬೇಕಾ! ಬಯರ್ನ್ ಮೂರನೇ ಸ್ಥಾನ, ಕೈಯಲ್ಲಿ ಒಂದೂ ಕಪ್ ಇಲ್ಲ. ಇಡೀ ಜರ್ಮನಿ ನಕ್ಕಿತು. ನಮ್ಮ ಹುಡುಗ ಸ್ಟುಡಿಯೋಗೆ ಮೈಸೂರ್ ಪಾಕ್ ತಂದು ಹಂಚಿದ, ನಾನೂ ಎರಡು ತಿಂದೆ. 2025ರ ಮೇ ತಿಂಗಳಲ್ಲಿ ಪ್ರಶಸ್ತಿ ಮತ್ತೆ ಮ್ಯೂನಿಕ್‌ಗೆ ಬಂತು. ಅದು ಖಚಿತವಾದದ್ದು ಬಯರ್ನ್ ಆಡದೇ ಇದ್ದ ದಿನ, ಲೆವರ್‌ಕುಸೆನ್ ಫ್ರೈಬರ್ಗ್ ಜೊತೆ ಡ್ರಾ ಮಾಡಿಕೊಂಡಾಗ. ಬಯರ್ನ್ ಹೆಸರು ಹೇಳಿದ್ರೆ ಮೂಗು ಮುರಿಯೋ ಇಂಗ್ಲಿಷ್ ಜನ ಕೂಡ ಅವತ್ತು ಹ್ಯಾರಿ ಕೇನ್‌ಗೋಸ್ಕರ ಖುಷಿಪಟ್ಟರು.